17 ಉಲ್ಲೇಖಗಳ ಪ್ರಬಂಧವನ್ನು ಸಂದರ್ಶನದಲ್ಲಿ ಮುಂದಿಡಬಹುದೇ?

ಪ್ರಶ್ನೆ: ಪಿಎಚ್.ಡಿ. ಅವಧಿಯೂ ಸೇರಿದಂತೆ ಜೀವಕೋಶ ವಿಜ್ಞಾನದಲ್ಲಿ ನಾನು ಸಂಶೋಧನೆ ಮಾಡುತ್ತಾ 12 ವರ್ಷಗಳಾದವು. ಈಗ ಎರಡನೆಯ ಪೋಸ್ಟ್‌ಡಾಕ್ ಹುದ್ದೆಯಲ್ಲಿ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಇದ್ದೇನೆ. ಇದುವರೆಗೆ 13 ಪ್ರಬಂಧಗಳು ಪ್ರಕಟವಾಗಿವೆ. ಅವುಗಳಿಗೆ ಬಂದಿರುವ ಉಲ್ಲೇಖಗಳನ್ನು, ಅಂದರೆ ಎಷ್ಟು ಪ್ರಬಂಧಗಳು ಅವನ್ನು ಹೆಸರಿಸಿವೆ ಎಂಬುದನ್ನು, ಇಳಿಕೆಯ ಕ್ರಮದಲ್ಲಿ ಬರೆದರೆ 240, 190, 58, 34, 26, 17, 14, 11, 7, 6, 4, 3, 2, ಒಟ್ಟು 612. ಮೊದಲನೆಯದು ಮಾರ್ಗದರ್ಶಕರ ಜೊತೆ ಬರೆದ, ಕ್ಷೇತ್ರದ ಹಿಂದಿನ ಕೆಲಸಗಳನ್ನು ಒಟ್ಟುಗೂಡಿಸುವ ಸಮೀಕ್ಷಾ ಲೇಖನ. ಎರಡನೆಯದು ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಸೀಲಿಯಂನ (ಕೋಶದ ಮೇಲಿನ ರೋಮದಂಥ ರಚನೆ) ಉದ್ದವನ್ನು ಅಳೆಯುವ ವಿಧಾನದ ಬಗ್ಗೆ. ಕೋಶ ವಿಭಜನೆಗೆ ಮುನ್ನ ಪ್ರಾಥಮಿಕ ಸೀಲಿಯಂ ಹೇಗೆ ಕುಗ್ಗುತ್ತದೆ ಎಂಬುದರ ಮೇಲೆ ನಾಲ್ಕೂವರೆ ವರ್ಷ ದುಡಿದೆ. ಆ ಪ್ರಬಂಧಕ್ಕೆ ನಾಲ್ಕು ವರ್ಷಗಳಲ್ಲಿ ಬಂದಿರುವುದು 17 ಉಲ್ಲೇಖ. ಕಳೆದ ಸಂದರ್ಶನದಲ್ಲಿ ಸಮಿತಿಯ ಸದಸ್ಯರೊಬ್ಬರು ಮೊಬೈಲಿನಲ್ಲಿ ಉಲ್ಲೇಖಗಳನ್ನು ಎಣಿಸಿ ತೋರಿಸುವ ನನ್ನ ಗೂಗಲ್ ಸ್ಕಾಲರ್ ಪುಟ ತೆರೆದು, "12 ವರ್ಷಕ್ಕೆ ಇದು ಕಡಿಮೆಯಾಯಿತಲ್ಲ" ಎಂದರು. ಉತ್ತರ ಹೊಳೆಯಲಿಲ್ಲ. ನನ್ನ ಜೊತೆಯಲ್ಲೇ ಪಿಎಚ್.ಡಿ. ಮುಗಿಸಿ ಕ್ಯಾನ್ಸರ್ ಗಡ್ಡೆಗಳ ರೋಗನಿರೋಧಕ ವಿಜ್ಞಾನಕ್ಕೆ ಹೋದ ಗೆಳತಿಗೆ 2,900 ಉಲ್ಲೇಖಗಳಿವೆ, ಎಚ್-ಸೂಚ್ಯಂಕ 21. ನಾನು ವಿಷಯ ಬದಲಿಸಬೇಕೇ? ಸಮೀಕ್ಷಾ ಲೇಖನಗಳನ್ನೇ ಹೆಚ್ಚು ಬರೆಯಲೇ? ಐದು ಪ್ರಯೋಗಾಲಯಗಳ ಗುಂಪೊಂದು, ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಉಲ್ಲೇಖಿಸೋಣ ಎಂದು ಕರೆದಿದೆ. ಅದು ತಪ್ಪೇ? ಇನ್ನೊಂದು ಸಣ್ಣ ವಿಷಯ: ನನ್ನದೇ ಹೆಸರಿನ ಬೇರೊಬ್ಬರ ಪ್ರಬಂಧ ನನ್ನ ಪುಟಕ್ಕೆ ಸೇರಿಕೊಂಡಿದೆ. ಅದಕ್ಕೆ 43 ಉಲ್ಲೇಖಗಳಿರುವುದರಿಂದ ಪುಟ ಒಟ್ಟು 655, ಸೂಚ್ಯಂಕ 9 ಎಂದು ತೋರಿಸುತ್ತದೆ. ಮುಂದಿನ ತಿಂಗಳು ಮತ್ತೊಂದು ಸಂದರ್ಶನವಿದೆ.

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹದಿಮೂರು ಸಂಖ್ಯೆಗಳನ್ನು ಒಂದೂ ಬಿಡದೆ ಬರೆದಿದ್ದೀರಿ. ಆದರೆ ಸೀಲಿಯಂ ಕುಗ್ಗುವುದರ ಬಗ್ಗೆ ನೀವು ಕಂಡುಕೊಂಡದ್ದೇನು ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಸಂದರ್ಶನದ ಕೊಠಡಿಯಲ್ಲಿ ಒಂದು ಮಾತು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅದರಿಂದ ನನಗೆ ಗೊತ್ತಾಯಿತು. ಸುಮಾರು ಮೂವತ್ತು ವರ್ಷ ಪ್ರಯೋಗಾಲಯ ನಡೆಸಿದ್ದೇನೆ, ಆಯ್ಕೆ ಸಮಿತಿಗಳ ಮೇಜಿನ ಆ ಬದಿಯಲ್ಲೂ ಹಲವು ಸಲ ಕುಳಿತಿದ್ದೇನೆ. ನೀವು ಕೇಳುತ್ತಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳು: ಈ ಸಂಖ್ಯೆಗಳಿಂದ ನನಗೆ ಕೆಲಸ ಸಿಗುತ್ತದೆಯೇ ಎಂಬುದು ಒಂದು, ನಾಲ್ಕೂವರೆ ವರ್ಷ ವ್ಯರ್ಥವಾಯಿತೇ ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಹುಡುಕಲು ಹೊರಟದ್ದರಿಂದ ಇಷ್ಟು ಸಂಕಟವಾಗಿದೆ.

ಮೊದಲು ಲೆಕ್ಕವನ್ನೇ ನೋಡೋಣ. ಎಚ್-ಸೂಚ್ಯಂಕವನ್ನು 2005ರಲ್ಲಿ ಮುಂದಿಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ತಲಾ 8 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಪಡೆದ 8 ಪ್ರಬಂಧಗಳಿದ್ದರೆ ಸೂಚ್ಯಂಕ 8. ನಿಮ್ಮ ಪಟ್ಟಿಯಲ್ಲಿ ಎಂಟನೆಯ ಪ್ರಬಂಧಕ್ಕೆ 11, ಒಂಬತ್ತನೆಯದಕ್ಕೆ 7. ಹಾಗಾಗಿ ನಿಮ್ಮದು 8. ಈಗ ಒಂದು ಕಾಗದ ತೆಗೆದುಕೊಂಡು ನೀವೇ ಪರೀಕ್ಷಿಸಿ. ಆರನೆಯ ಸ್ಥಾನದಲ್ಲಿರುವ ಸೀಲಿಯಂ ಪ್ರಬಂಧದ 17ನ್ನು 1,700 ಮಾಡಿ. ಸೂಚ್ಯಂಕ 8 ಆಗಿಯೇ ಉಳಿಯುತ್ತದೆ. ಅದನ್ನು ಹಾಗೆಯೇ ಬಿಟ್ಟು ಒಂಬತ್ತನೆಯ ಪ್ರಬಂಧಕ್ಕೆ ಬರೀ ಎರಡು ಉಲ್ಲೇಖ ಸೇರಿಸಿ. ಸೂಚ್ಯಂಕ 9 ಆಗುತ್ತದೆ. ನೀವು ಮಾಡಿದ ಅತ್ಯುತ್ತಮ ಕೆಲಸ ಇಡೀ ಕ್ಷೇತ್ರವನ್ನೇ ತಿರುಗಿಸಿದರೂ ಕದಲದ ಅಂಕಿ, ನಿಮಗೇ ಹೆಚ್ಚು ನೆನಪಿಲ್ಲದ ಪ್ರಬಂಧವೊಂದನ್ನು ಇಬ್ಬರು ಹೆಸರಿಸಿದರೆ ಮೇಲೇರುತ್ತದೆ. ಈ ಅಳತೆ ಹೇಳುವುದು ಒಬ್ಬರು ಎಷ್ಟು ಕಾಲದಿಂದ ಎಡೆಬಿಡದೆ ಪ್ರಕಟಿಸುತ್ತಿದ್ದಾರೆ ಎಂಬುದನ್ನು. ಆಳ ಅದರ ಕೈಗೆ ಸಿಗುವುದಿಲ್ಲ. ಒಮ್ಮೆ ಏರಿದ ಮೇಲೆ ಇಳಿಯುವುದೂ ಇಲ್ಲ, ಆದ್ದರಿಂದ ವಯಸ್ಸಿನ ಕಡೆಗೇ ಅದು ವಾಲುತ್ತದೆ.

ಹಿರ್ಶ್ ಅವರ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ಸೂಚ್ಯಂಕ ಬಳಸುವವರು ಅದನ್ನು ಮರೆಯುತ್ತಾರೆ. ಭೌತವಿಜ್ಞಾನದಲ್ಲಿ 20 ವರ್ಷಗಳ ನಂತರ 20ರ ಸೂಚ್ಯಂಕ ಯಶಸ್ವಿ ವಿಜ್ಞಾನಿಯ ಲಕ್ಷಣ, 40 ಅಸಾಧಾರಣವಾದದ್ದು ಎಂದು ಅಂದಾಜು ಕೊಟ್ಟ ಅವರೇ, ಜೀವವಿಜ್ಞಾನಗಳಲ್ಲಿ ಅಂಕಿಗಳು ಹೆಚ್ಚಿರುತ್ತವೆ ಎಂದೂ ಹೇಳಿದ್ದರು. ನರವಿಜ್ಞಾನಿ ಸಾಲೊಮನ್ ಸ್ನೈಡರ್ ಅವರ 191 ಅದಕ್ಕೆ ಅವರು ಕೊಟ್ಟ ಉದಾಹರಣೆ. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಲಿಸಬೇಡಿ ಎಂಬ ಎಚ್ಚರಿಕೆ ಹುಟ್ಟುವಾಗಲೇ ಇದರ ಜೊತೆಗಿತ್ತು.

ನಿಮ್ಮ ಗೆಳತಿಯ 2,900ರ ವಿಚಾರಕ್ಕೂ ಇದೇ ಮಾತು. ಗಡ್ಡೆಗಳ ರೋಗನಿರೋಧಕ ವಿಜ್ಞಾನದಲ್ಲಿ ಈಗ ಅಪಾರ ಸಂಖ್ಯೆಯ ಜನ ಕೆಲಸ ಮಾಡುತ್ತಿದ್ದಾರೆ. ವೈದ್ಯರು, ಔಷಧ ಕಂಪನಿಗಳು, ಚಿಕಿತ್ಸಾ ಪ್ರಯೋಗ ನಡೆಸುವವರು ಎಲ್ಲರೂ ಅಲ್ಲಿದ್ದಾರೆ. ಒಂದೊಂದು ಪ್ರಬಂಧದ ಕೊನೆಯಲ್ಲೂ ಉದ್ದನೆಯ ಆಕರಪಟ್ಟಿ ಇರುತ್ತದೆ. ಬರೆಯುವವರು ಹೆಚ್ಚಿದ್ದು ಪಟ್ಟಿಗಳೂ ಉದ್ದವಿದ್ದರೆ, ಆ ಕ್ಷೇತ್ರದ ಸಾಧಾರಣ ಪ್ರಬಂಧಕ್ಕೂ ಹತ್ತಾರು ಉಲ್ಲೇಖ ಬಂದು ಬೀಳುತ್ತವೆ. ಸೀಲಿಯಂ ಕುಗ್ಗುವ ಕ್ರಿಯೆಯ ಮೇಲೆ ಜಗತ್ತಿನಲ್ಲಿ ಗಂಭೀರವಾಗಿ ಕೆಲಸ ಮಾಡುತ್ತಿರುವ ಪ್ರಯೋಗಾಲಯಗಳು ಎಷ್ಟು ಎಂದು ನೀವೇ ಎಣಿಸಿ ನೋಡಿ; ಅವರಲ್ಲಿ ಬಹುತೇಕರ ಹೆಸರು ನಿಮಗೆ ಗೊತ್ತಿರುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸಲು ಕ್ಷೇತ್ರಾನುಗುಣ ಉಲ್ಲೇಖ ಪ್ರಭಾವ ಎಂಬ ಅಳತೆ ಇದೆ. ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪ್ರಬಂಧಗಳಿಗೆ ಬರುವ ಸರಾಸರಿಯಿಂದ ಭಾಗಿಸಿ, ಜಾಗತಿಕ ಸರಾಸರಿಯನ್ನು 1 ಎಂದು ಇಟ್ಟುಕೊಳ್ಳುತ್ತಾರೆ. ಅರ್ಜಿಯಲ್ಲಿ ಅಂಕಿ ಕೊಡಲೇಬೇಕಾದಲ್ಲಿ ಒಟ್ಟು ಮೊತ್ತಕ್ಕಿಂತ ಇದು ಮೇಲು. ಇದಕ್ಕೂ ಕುಂದಿದೆ: ಯೀಸ್ಟ್ ಕೋಶದ ಮೇಲೆ ದುಡಿಯುವವರನ್ನೂ ಕ್ಯಾನ್ಸರ್ ಕೋಶದ ಮೇಲೆ ದುಡಿಯುವವರನ್ನೂ ಒಂದೇ ಬುಟ್ಟಿಗೆ ಹಾಕಿಬಿಡಬಹುದು.

ಈಗ ನಿಮ್ಮ 190ರ ಬಗ್ಗೆ. ಆ ವಿಧಾನದ ಪ್ರಬಂಧವನ್ನು ಕಡೆಗಣ್ಣಿನಿಂದ ನೋಡುತ್ತಿದ್ದೀರಿ ಎಂದು ಪತ್ರದ ಧಾಟಿಯಿಂದ ತೋರಿತು. ದಯವಿಟ್ಟು ಹಾಗೆ ಮಾಡಬೇಡಿ. 2014ರಲ್ಲಿ 'ನೇಚರ್' ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿ ಮಾಡಿತು. ಮೊದಲ ಮೂರು ಸ್ಥಾನಗಳೂ ಪ್ರೋಟೀನಿಗೆ ಸಂಬಂಧಿಸಿದ ವಿಧಾನಗಳದ್ದೇ. ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವ ಆಲಿವರ್ ಲೌರಿಯವರ 1951ರ ಪ್ರಬಂಧಕ್ಕೆ ಆಗಲೇ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳು. ಉಲ್ರಿಚ್ ಲೆಮ್ಲಿಯವರ 1970ರ ಪ್ರಬಂಧಕ್ಕೆ 2 ಲಕ್ಷಕ್ಕೂ ಹೆಚ್ಚು. ಮೂರನೆಯದು ಮೇರಿಯನ್ ಬ್ರಾಡ್‌ಫೋರ್ಡ್ ಅವರ 1976ರ ಪ್ರಬಂಧ, ಅದೂ ಪ್ರೋಟೀನ್ ಅಳೆಯುವುದರ ಬಗ್ಗೆಯೇ. ಜೀವಕೋಶ ವಿಜ್ಞಾನದ ಯಾವ ಪ್ರಯೋಗಾಲಯಕ್ಕೆ ಹೋದರೂ ಈ ಮೂರರಲ್ಲಿ ಒಂದಾದರೂ ಪ್ರತಿದಿನ ಕೆಲಸದಲ್ಲಿರುತ್ತದೆ. ಲೆಮ್ಲಿಯವರ ಪ್ರಬಂಧದ ಶೀರ್ಷಿಕೆ ನೋಡಿದ್ದೀರಾ? ಬ್ಯಾಕ್ಟೀರಿಯಾವನ್ನು ಆಕ್ರಮಿಸುವ ಟಿ4 ವೈರಸ್ಸಿನ ತಲೆಯ ಭಾಗ ಕಟ್ಟಿಕೊಳ್ಳುವಾಗ ಅದರ ಪ್ರೋಟೀನುಗಳು ಹೇಗೆ ತುಂಡಾಗುತ್ತವೆ ಎಂಬುದು ಅದರ ವಿಷಯ. ಎರಡು ಲಕ್ಷ ಜನರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಆ ವೈರಸ್ಸಿನ ಸುದ್ದಿಯಲ್ಲ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಲು ಅವರು ಬಳಸಿದ ಜೆಲ್. ನಾನೂ ವಿದ್ಯಾರ್ಥಿಯಾಗಿದ್ದಾಗ ಅದನ್ನು ಓದದೆಯೇ ಹೆಸರಿಸಿದ್ದೆ. ಬಹಳ ವರ್ಷಗಳ ನಂತರ ಓದಿದಾಗ ಮೂಲ ಆವಿಷ್ಕಾರ ಎಷ್ಟು ಸುಂದರವಾಗಿದೆ ಎಂದು ಬೆರಗಾಯಿತು.

ಉಲ್ಲೇಖ ಎಂದರೆ ಏನು ಎಂಬುದು ಇಲ್ಲಿ ತಿಳಿಯಾಗುತ್ತದೆ. ಬರೆಯುವ ಆ ಹೊತ್ತಿನಲ್ಲಿ ಒಬ್ಬರಿಗೆ ನಿಮ್ಮ ಪ್ರಬಂಧ ಬೇಕಾಯಿತು, ಅಷ್ಟೇ. ಯಾಕೆ ಬೇಕಾಯಿತು ಎಂಬುದು ಎಣಿಕೆಯಲ್ಲಿ ಇರುವುದಿಲ್ಲ. ವಿಧಾನ ಬಳಸಿದ್ದಕ್ಕೆ ಇರಬಹುದು, ಪೀಠಿಕೆಯ ಮೊದಲ ವಾಕ್ಯಕ್ಕೆ ಆಸರೆಯಾಗಿ ಇರಬಹುದು, ನೀವು ಹೇಳಿದ್ದು ತಪ್ಪೆಂದು ತೋರಿಸಲೂ ಇರಬಹುದು. ಅದು ಸತ್ಯಕ್ಕೆ ಕೊಟ್ಟ ಅಂಕವೂ ಅಲ್ಲ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ 20,621 ಪ್ರಬಂಧಗಳ ಚಿತ್ರಗಳನ್ನು ಕಣ್ಣಿಟ್ಟು ನೋಡಿದಾಗ, ಶೇ 3.8ರಷ್ಟರಲ್ಲಿ ಒಂದೇ ಚಿತ್ರವನ್ನು ಎರಡು ಕಡೆ ಬಳಸಿದಂಥ ತೊಡಕುಗಳು ಸಿಕ್ಕವು. ಆ ಪ್ರಬಂಧಗಳನ್ನೂ ಜನ ನಂಬಿ ಹೆಸರಿಸಿದ್ದರು. ಪ್ರಯೋಗಾಲಯಗಳಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳು ಬೇರೆ ಕೋಶಗಳ ತಟ್ಟೆಗಳಿಗೆ ನುಸುಳಿ, ಇದು ಕರುಳಿನದು, ಇದು ಗಂಟಲಿನದು ಎಂದು ತಪ್ಪು ಹೆಸರಿನಲ್ಲಿ ದಶಕಗಳ ಕಾಲ ಪ್ರಬಂಧಗಳಾದ ಚರಿತ್ರೆ ನಮ್ಮ ಕ್ಷೇತ್ರದ್ದೇ. ಆ ಪ್ರಬಂಧಗಳಿಗೂ ಉಲ್ಲೇಖಗಳು ಬರುತ್ತಲೇ ಇದ್ದವು.

ಕಾಲದ ವಿಚಾರಕ್ಕೆ ಬರೋಣ, ನಿಮ್ಮ 17ರ ಒಳಗುಟ್ಟು ಬಹುಪಾಲು ಅಲ್ಲಿದೆ. ನಿಮ್ಮ ಪ್ರಬಂಧ ಓದಿದ ಒಬ್ಬ ವಿದ್ಯಾರ್ಥಿ ಆಸಕ್ತಿಯಿಂದ ನಿಮಗೆ ಪತ್ರ ಬರೆದು ಕೋಶಗಳನ್ನು ತರಿಸಿಕೊಳ್ಳುತ್ತಾನೆ ಎಂದುಕೊಳ್ಳಿ. ಅವು ಬಂದು, ಬೆಳೆದು, ಗುರುತು ಪರೀಕ್ಷೆ ಮುಗಿಯಲು ತಿಂಗಳುಗಳು. ಜೀನ್ ಕತ್ತರಿಸಿ ಹೊಸ ಕೋಶಸಾಲು (ಒಂದೇ ಮೂಲದಿಂದ ಬೆಳೆಸುತ್ತಾ ಹೋಗುವ ಕೋಶಗಳು) ಮಾಡಲು ಇನ್ನೂ ಕೆಲವು ತಿಂಗಳು. ಆರ್‌ಪಿಇ-1 ಎಂಬ ಮಾನವ ಕಣ್ಣಿನ ಕೋಶಗಳಿಂದ ಪೋಷಕ ದ್ರವವಾದ ಸೀರಂ ತೆಗೆದು ಒಂದೆರಡು ದಿನ ಹಸಿವಿನಲ್ಲಿಟ್ಟು ಸೀಲಿಯಂ ಬೆಳೆಸಬೇಕು, ಮತ್ತೆ ಸೀರಂ ಕೊಟ್ಟು ಅದು ಕುಗ್ಗುವುದನ್ನು ಕತ್ತಲ ಕೋಣೆಯಲ್ಲಿ ರಾತ್ರಿಯಿಡೀ ಚಿತ್ರಿಸಬೇಕು, ಅದನ್ನು ಮತ್ತೆ ಮತ್ತೆ ಮಾಡಬೇಕು. ನಂತರ ಬರವಣಿಗೆ, ವಿಮರ್ಶಕರು ಕೇಳಿದ ಹೊಸ ಪ್ರಯೋಗಗಳು. ಅವನ ಪ್ರಬಂಧದಲ್ಲಿ ನಿಮ್ಮ ಹೆಸರು ಅಚ್ಚಾಗುವ ಹೊತ್ತಿಗೆ ಮೂರು ವರ್ಷ ದಾಟಿರುತ್ತದೆ. ನಾಲ್ಕು ವರ್ಷದ ಪ್ರಬಂಧಕ್ಕೆ ಬಂದಿರುವ 17ರಲ್ಲಿ, ನಿಮ್ಮ ಕೆಲಸದ ಮೇಲೆ ನಿಜವಾಗಿ ಕಟ್ಟಿದ ಕೆಲಸಗಳು ಈಗಷ್ಟೇ ಬರಲು ಶುರುವಾಗಿರುವ ಸಾಧ್ಯತೆ ಹೆಚ್ಚು.

ನಿಮ್ಮ ಸೀಲಿಯಂನ ಚರಿತ್ರೆಯನ್ನೇ ನೆನೆಯಿರಿ. 1898ರಲ್ಲಿ ಕಾರ್ಲ್ ಸಿಮ್ಮರ್‌ಮನ್ ಸಸ್ತನಿಗಳ ಕೋಶಗಳಲ್ಲಿ ಒಂಟಿ ರೋಮದಂಥ ಈ ರಚನೆಯನ್ನು ವರ್ಣಿಸಿದರು. 1968ರಲ್ಲಿ ಸೆರ್ಗೈ ಸೊರೊಕಿನ್ ಅದಕ್ಕೆ ಪ್ರಾಥಮಿಕ ಸೀಲಿಯಂ ಎಂಬ ಹೆಸರು ಕೊಟ್ಟರು. ಆದರೂ ಇಪ್ಪತ್ತನೆಯ ಶತಮಾನದ ಬಹುಭಾಗ, ವಿಕಾಸದಲ್ಲಿ ಉಳಿದುಹೋದ, ಉಪಯೋಗವಿಲ್ಲದ ಅಂಗವೆಂದೇ ಹೆಚ್ಚಿನವರು ಅದನ್ನು ಬದಿಗಿಟ್ಟಿದ್ದರು. 1993ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋಯೆಲ್ ರೋಸೆನ್‌ಬಾಮ್ ಅವರ ಪ್ರಯೋಗಾಲಯದಲ್ಲಿ ಕೀತ್ ಕೊಜ್ಮಿನ್ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ಕ್ಲಾಮಿಡೊಮೊನಾಸ್ ಎಂಬ ಏಕಕೋಶದ ಹಸಿರು ಪಾಚಿಯನ್ನು ನೋಡುತ್ತಿದ್ದರು. ಅದಕ್ಕೆ ಎರಡು ಕಶಾಂಗಗಳು, ಸೀಲಿಯಂನಂಥದೇ ಬಾಲದ ರಚನೆಗಳು. ಕಶಾಂಗದ ಉದ್ದಕ್ಕೂ, ಪೊರೆಯ ಕೆಳಗೆ, ಸಣ್ಣ ಕಣಗಳು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನಿಲ್ಲದೆ ಓಡಾಡುತ್ತಿದ್ದವು. ಕಂಡದ್ದು ಅಷ್ಟು: ಒಂದು ಪಾಚಿ, ಕೆಲವು ಚಲಿಸುವ ಚುಕ್ಕೆಗಳು. ಆ ಸಾಗಣೆಯ ಪ್ರೋಟೀನುಗಳಲ್ಲಿ ಒಂದರ ಜೀನ್, ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ರೋಗವಿದ್ದ ಇಲಿಯಲ್ಲಿ ಕೆಟ್ಟಿದ್ದ ಜೀನೇ ಎಂದು ಗ್ರೆಗರಿ ಪಜೋರ್ ಮತ್ತು ಸಂಗಡಿಗರು ತೋರಿಸಿದ್ದು 2000ದಲ್ಲಿ, ಏಳು ವರ್ಷಗಳ ನಂತರ. 2003ರಲ್ಲಿ ಕ್ಯಾಥರಿನ್ ಆಂಡರ್ಸನ್ ಅವರ ತಂಡ, ಭ್ರೂಣದ ಬೆಳವಣಿಗೆಯ ಹೆಜ್‌ಹಾಗ್ ಸಂಕೇತಕ್ಕೆ ಇದೇ ಸಾಗಣೆ ಬೇಕೆಂದು ಇಲಿಗಳಲ್ಲಿ ಕಂಡುಕೊಂಡಿತು. ಉಪಯೋಗವಿಲ್ಲದ ಅಂಗ ಎಂದವರ ಬಾಯಿ ಆಗ ಕಟ್ಟಿತು. 1995ರಲ್ಲಿ ಯಾರಾದರೂ ಆ ಪಾಚಿಯ ಪ್ರಬಂಧದ ಉಲ್ಲೇಖಗಳನ್ನು ಎಣಿಸಿ ತೀರ್ಪು ಕೊಟ್ಟಿದ್ದರೆ, ಇಲಿಯ ಮೂತ್ರಪಿಂಡದವರೆಗೆ ಹೋಗುವ ಆ ದಾರಿಯ ಸುಳಿವೂ ಅವರಿಗೆ ಸಿಗುತ್ತಿರಲಿಲ್ಲ.

ಇದನ್ನು ಸಮಾಧಾನದ ಕಥೆಯಾಗಿ ತೆಗೆದುಕೊಳ್ಳಬೇಡಿ. ಕಡಿಮೆ ಉಲ್ಲೇಖ ಬಂದ ಪ್ರಬಂಧಗಳೆಲ್ಲ ಮುಂದೊಂದು ದಿನ ಎಚ್ಚರಗೊಳ್ಳುವುದಿಲ್ಲ, ಬಹುತೇಕ ಹಾಗೆಯೇ ಉಳಿಯುತ್ತವೆ. ಉಲ್ಲೇಖ ಕಡಿಮೆಯಾದುದಕ್ಕೆ ಕ್ಷೇತ್ರ ಚಿಕ್ಕದೆಂಬುದೂ ಕಾರಣವಿರಬಹುದು, ಪ್ರಬಂಧದ ಮುಖ್ಯ ಮಾತು ಮೂರನೆಯ ಪೂರಕ ಚಿತ್ರದಲ್ಲಿ ಅಡಗಿಕೊಂಡದ್ದೂ ಇರಬಹುದು, ಕೇಳಿದವರಿಗೆ ಕೋಶಗಳನ್ನು ಕಳಿಸದೇ ಇದ್ದದ್ದೂ ಇರಬಹುದು. ಯಾವುದು ನಿಮ್ಮದು ಎಂದು ತಿಳಿಯಲು ಒಂದೇ ದಾರಿ ನನಗೆ ಗೊತ್ತು. ಆ 17 ಪ್ರಬಂಧಗಳನ್ನೂ ತೆರೆದು, ನಿಮ್ಮ ಹೆಸರಿರುವ ವಾಕ್ಯವನ್ನು ಒಂದೊಂದಾಗಿ ಓದಿ.

ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರಯೋಗಾಲಯ ಆರಂಭಿಸಿದ ಏಳನೆಯ ವರ್ಷ, ಅನುದಾನದ ಅರ್ಜಿಯೊಂದು ತಿರಸ್ಕೃತವಾಗಿ ಬಂದ ವಾರ, ನನ್ನ ಮನಸ್ಸಿಗೆ ಹತ್ತಿರವಾದ ಪ್ರಬಂಧಕ್ಕೆ ಬಂದ 23 ಉಲ್ಲೇಖಗಳನ್ನು ಅಚ್ಚುಹಾಕಿಸಿ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಪೆನ್ಸಿಲಿನಿಂದ ಪಕ್ಕದಲ್ಲಿ ಗುರುತು ಹಾಕುತ್ತಾ ಹೋದೆ. ಹದಿನಾಲ್ಕರಲ್ಲಿ ನನ್ನ ಹೆಸರು ಪೀಠಿಕೆಯ ಆವರಣದೊಳಗೆ ಇನ್ನೂ ನಾಲ್ಕೈದು ಹೆಸರುಗಳ ಜೊತೆ ಸಾಲಾಗಿ ನಿಂತಿತ್ತು, ಅದನ್ನು ಅಳಿಸಿದ್ದರೂ ಆ ಪ್ರಬಂಧಗಳಿಗೆ ಏನೂ ಆಗುತ್ತಿರಲಿಲ್ಲ. ನಾಲ್ಕರಲ್ಲಿ ನಮ್ಮ ಕೋಶಸಾಲನ್ನು ಬಳಸಿದ್ದರು. ಮೂರು ನಮ್ಮದೇ ಮುಂದಿನ ಕೆಲಸಗಳು. ಒಂದರಲ್ಲಿ ನಮ್ಮ ತೀರ್ಮಾನವನ್ನೇ ತಿರುವುಮುರುವಾಗಿ ಬರೆದಿದ್ದರು. ಉಳಿದ ಒಂದೇ ಒಂದು ಪ್ರಬಂಧ, ನನಗೆ ಅಪರಿಚಿತರಾದವರದ್ದು, ನಮ್ಮ ಪ್ರಯೋಗವನ್ನು ಇಡಿಯಾಗಿ ಬೇರೊಂದು ಅಂಗಾಂಶದ ಕೋಶಗಳಲ್ಲಿ ಮಾಡಿ, ಅಲ್ಲಿ ಅದು ನಡೆಯುವುದಿಲ್ಲ ಎಂದು ತೋರಿಸಿತ್ತು. ಯಾಕೆ ನಡೆಯುವುದಿಲ್ಲ ಎಂಬ ಪ್ರಶ್ನೆಯೇ ನನ್ನ ಪ್ರಯೋಗಾಲಯದ ಮುಂದಿನ ಹತ್ತು ವರ್ಷಗಳ ಕೆಲಸವಾಯಿತು. ಎಣಿಕೆಯಲ್ಲಿ ಅದೂ ಒಂದೇ, ಆವರಣದೊಳಗಿನ ಹದಿನಾಲ್ಕರಲ್ಲಿ ಪ್ರತಿಯೊಂದೂ ಒಂದೇ. ಆ ಸಂಜೆಯ ನಂತರ ಒಟ್ಟು ಮೊತ್ತ ನೋಡುವ ಅಭ್ಯಾಸ ತಾನಾಗಿಯೇ ಬಿಟ್ಟುಹೋಯಿತು.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೆ ಸಮಿತಿಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದು ಜರ್ನಲ್‌ನ ಅಳತೆ: ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ. ಯೂಜೀನ್ ಗಾರ್ಫೀಲ್ಡ್ ಅವರ ಬಳಗ ರೂಪಿಸಿದ ಈ ಅಂಕಿ ಗ್ರಂಥಾಲಯಗಳಿಗೆ ಜರ್ನಲ್ ಆರಿಸಲು ನೆರವಾಗುತ್ತಿತ್ತು. ಮೂರು ವರ್ಷಕ್ಕೆ ಫಲ ಕೊಡುವ ಕೆಲಸವನ್ನು ಎರಡು ವರ್ಷದ ಕಿಟಕಿಯಿಂದ ನೋಡಿದರೆ ಏನು ಕಾಣುತ್ತದೆ ಎಂದು ಮೇಲೆಯೇ ಹೇಳಿದ್ದೇನೆ. ಸರಾಸರಿಯೂ ನಂಬಿಕೆಗೆ ಅರ್ಹವಲ್ಲ. 2005ರಲ್ಲಿ 'ನೇಚರ್' ತನ್ನ ಸಂಪಾದಕೀಯದಲ್ಲೇ ಒಪ್ಪಿಕೊಂಡಂತೆ, ಹಿಂದಿನ ವರ್ಷದ ಅದರ ಅಂಕಿಯ ಶೇ 89ರಷ್ಟನ್ನು ತಂದದ್ದು ಅದರ ಪ್ರಬಂಧಗಳಲ್ಲಿ ಶೇ 25 ಮಾತ್ರ. ಇದರ ವಿರುದ್ಧ ದನಿ ಎತ್ತಿದವರು ನಮ್ಮ ಕ್ಷೇತ್ರದವರೇ ಎಂಬುದು ನನಗೆ ಹೆಮ್ಮೆಯ ಸಂಗತಿ. 2012ರ ಡಿಸೆಂಬರಿನಲ್ಲಿ ಅಮೆರಿಕದ ಕೋಶ ಜೀವವಿಜ್ಞಾನ ಸಂಘದ ವಾರ್ಷಿಕ ಸಮ್ಮೇಳನದ ವೇಳೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರಿಂದ, ಈಗ ಡೋರಾ ಎಂದು ಕರೆಯುವ ಘೋಷಣೆ ಹುಟ್ಟಿತು. 2013ರಲ್ಲಿ ಅದು ಪ್ರಕಟವಾಯಿತು. ವ್ಯಕ್ತಿಯ ನೇಮಕ, ಬಡ್ತಿ, ಅನುದಾನಕ್ಕೆ ಜರ್ನಲ್‌ನ ಅಂಕಿ ಬಳಸಬೇಡಿ, ಪ್ರಬಂಧವನ್ನೇ ಓದಿ ಎಂಬುದು ಅದರ ತಿರುಳು. ನಿಮ್ಮನ್ನು ಸಂದರ್ಶಿಸುವ ಸಂಸ್ಥೆ ಅದಕ್ಕೆ ಸಹಿ ಹಾಕಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಾಕಿದ್ದರೆ ಅರ್ಜಿಯ ಭಾಷೆಯನ್ನು ಅದಕ್ಕೆ ತಕ್ಕಂತೆ ಬರೆಯಬಹುದು.

ಆದರೆ ಸಂಖ್ಯೆಗಳಿಗೆ ಬೆಲೆಯೇ ಇಲ್ಲ ಎಂದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಒಂದು ಹುದ್ದೆಗೆ ಇನ್ನೂರು ಅರ್ಜಿಗಳು ಬಂದಾಗ, ದಣಿದ ಸದಸ್ಯರು ಮೊದಲ ಸುತ್ತಿನಲ್ಲಿ ಅಂಕಿ ನೋಡುತ್ತಾರೆ. ಅದು ಸರಿಯಲ್ಲ, ಆದರೂ ನಡೆಯುತ್ತದೆ. ನೀವು ಸಂದರ್ಶನದವರೆಗೆ ಬಂದಿದ್ದೀರಿ ಎಂದರೆ ಆ ಸುತ್ತು ದಾಟಿದ್ದೀರಿ ಎಂದೇ ಅರ್ಥ. ಅದರ ನಂತರ ಮೊಬೈಲಿನಲ್ಲಿ ಅಂಕಿ ನೋಡುವವರು ಸಾಮಾನ್ಯವಾಗಿ ಪ್ರಬಂಧ ಓದಿ ಬಾರದವರು. ಅವರಿಗೆ ಎದುರಾಡುವುದು ಬೇಡ, ಓದದೇ ಉಳಿದದ್ದನ್ನು ಒಂದು ನಿಮಿಷದಲ್ಲಿ ಹೇಳಿಕೊಡಿ.

ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ವಿಷಯ ಬದಲಿಸುವುದು ಅಪರಾಧವೇನಲ್ಲ, ನಾನೂ ಒಮ್ಮೆ ಬದಲಿಸಿದ್ದೇನೆ. ಸೀಲಿಯಂ ನಿಮಗೆ ಬೇಸರ ತಂದಿದ್ದರೆ, ಅಲ್ಲಿ ಕೇಳಬೇಕಾದ ಪ್ರಶ್ನೆ ಮುಗಿದಿದ್ದರೆ ಹೋಗಿ. ಉಲ್ಲೇಖಕ್ಕಾಗಿ ಗುಂಪು ಸೇರಿರುವ ಕ್ಷೇತ್ರಕ್ಕೆ ಹೋಗುವುದಾದರೆ ಎರಡು ಅಪಾಯಗಳಿವೆ. ಅಲ್ಲಿ ಹತ್ತು ವರ್ಷದಿಂದ ಇರುವವರ ಬಳಿ ಇಲಿಗಳಿವೆ, ರೋಗಿಗಳ ಮಾದರಿಗಳಿವೆ, ತಂಡಗಳಿವೆ. ನೀವು ಎರಡು ವರ್ಷದಲ್ಲಿ ಮಾಡುವುದನ್ನು ಅವರು ಆರು ತಿಂಗಳಲ್ಲಿ ಪ್ರಕಟಿಸಿಬಿಡಬಹುದು. ಇನ್ನೊಂದು, ಅವಸರದಲ್ಲಿ ಮಾಡಿದ ಚಿತ್ರಗಳು. ಓಟದಲ್ಲಿರುವ ಪ್ರಯೋಗಾಲಯಗಳಲ್ಲಿ ನಿಯಂತ್ರಣ ಪ್ರಯೋಗಗಳೇ ಮೊದಲು ಬಲಿಯಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಬಿಡುವ ಬದಲು ಸೇತುವೆ ಕಟ್ಟಬಹುದು: ಕ್ಯಾನ್ಸರ್ ಕೋಶಗಳು ಅನೇಕ ಕಡೆ ಸೀಲಿಯಂ ಕಳೆದುಕೊಂಡಿರುತ್ತವೆ, ನಿಮ್ಮ ಗೆಳತಿಯ ಬಳಿ ಗಡ್ಡೆಗಳಿವೆ, ನಿಮ್ಮ ಬಳಿ ಸೀಲಿಯಂ ಅಳೆಯುವ ವಿಧಾನವಿದೆ. ಇಬ್ಬರೂ ಕುಳಿತು ಒಂದು ಮಧ್ಯಾಹ್ನ ಮಾತಾಡಿದರೆ ಪ್ರಶ್ನೆಯೊಂದು ಹುಟ್ಟುವುದು ಕಷ್ಟವಲ್ಲ.

ಸಮೀಕ್ಷಾ ಲೇಖನಗಳು ಹೆಚ್ಚು ಉಲ್ಲೇಖ ತರುತ್ತವೆ, ಏಕೆಂದರೆ ಹತ್ತು ಮೂಲ ಪ್ರಬಂಧಗಳ ಬದಲು ಒಂದನ್ನು ಹೆಸರಿಸಿದರೆ ಕೆಲಸ ಮುಗಿಯುತ್ತದೆ. ಹೇಳುವಂಥ ಹೊಸ ನೋಟ ಇದ್ದರೆ ಒಂದು ಬರೆಯಿರಿ. ಅದಕ್ಕಿಂತ ಹೆಚ್ಚು ಈ ಹಂತದಲ್ಲಿ ಬೇಡ. ಸಮಿತಿಯವರು ಪಟ್ಟಿಯಲ್ಲಿ ಸಮೀಕ್ಷೆಗಳನ್ನು ಹೊರಗಿಟ್ಟೇ ಎಣಿಸುತ್ತಾರೆ. ನಿಮ್ಮ 612ರಲ್ಲಿ 240 ತೆಗೆದು 372 ಎಂದು ಓದಿದವರು ಕಳೆದ ಸಲವೂ ಇದ್ದಿರಬಹುದು. ದೊಡ್ಡ ಸಾಮೂಹಿಕ ಪ್ರಬಂಧಗಳದ್ದೂ ಇದೇ ಕಥೆ. ಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಆಟೊಫೇಜಿಯನ್ನು ಹೇಗೆ ಪರೀಕ್ಷಿಸಬೇಕೆಂಬ ಮಾರ್ಗಸೂಚಿಯ 2016ರ ಆವೃತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಲೇಖಕರು. ಅದು ಉಪಯುಕ್ತ ದಾಖಲೆ, ನನ್ನ ವಿದ್ಯಾರ್ಥಿಗಳಿಗೆ ನಾನೇ ಓದಿಸಿದ್ದೇನೆ. ಆದರೆ ಅದರ ಸಾವಿರಾರು ಉಲ್ಲೇಖಗಳು ಅಷ್ಟೂ ಜನರ ಪುಟಗಳಲ್ಲಿ ಇಡಿಯಾಗಿ ಕಾಣಿಸುತ್ತವೆ. ಅದನ್ನು ಬಲ್ಲವರು ಪಕ್ಕಕ್ಕಿಟ್ಟೇ ನೋಡುತ್ತಾರೆ.

ಐದು ಪ್ರಯೋಗಾಲಯಗಳ ಕರೆಗೆ ಇಲ್ಲ ಎನ್ನಿ. ಸಭ್ಯವಾಗಿ, ಆದರೆ ಇವತ್ತೇ. ನಿಮ್ಮದೇ ಹಿಂದಿನ ಕೆಲಸದ ಮೇಲೆ ಕಟ್ಟುವಾಗ ಅದನ್ನು ಹೆಸರಿಸುವುದು ಸಹಜ, ನೆರೆಯ ಪ್ರಯೋಗಾಲಯದ ಸಂಬಂಧಪಟ್ಟ ಕೆಲಸವನ್ನು ಹೆಸರಿಸುವುದು ಸೌಜನ್ಯ. ಒಪ್ಪಂದ ಮಾಡಿಕೊಂಡು ಹೆಸರಿಸುವುದು ಓದುಗರಿಗೆ ಹೇಳುವ ಸುಳ್ಳು. ಅದು ಪತ್ತೆಯಾಗುವುದಿಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ: ಯಾರು ಯಾರನ್ನು ಉಲ್ಲೇಖಿಸುತ್ತಾರೆ ಎಂಬ ಜಾಲವನ್ನು ಬಿಡಿಸಿದರೆ, ತಮ್ಮೊಳಗೇ ಸುತ್ತುವ ಚಿಕ್ಕ ಗುಂಪುಗಳು ಗಂಟಿನಂತೆ ಎದ್ದು ಕಾಣುತ್ತವೆ. ಹೆಚ್ಚು ಉಲ್ಲೇಖ ಪಡೆದವರ ವಾರ್ಷಿಕ ಪಟ್ಟಿ ಮಾಡುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಇಂಥ ಅನುಮಾನಗಳ ಮೇಲೆ ಕೈಬಿಟ್ಟಿತು. ನಿಮಗೆ ಬೇಕಾಗಿರುವುದು ಒಂಬತ್ತನೆಯ ಪ್ರಬಂಧಕ್ಕೆ ಎರಡೇ ಎರಡು ಉಲ್ಲೇಖ ಎಂದು ಈಗಷ್ಟೇ ಲೆಕ್ಕ ಹಾಕಿ ತೋರಿಸಿದೆ. ಆಸೆ ಎಲ್ಲಿಂದ ಬರುತ್ತದೆ ಎಂದು ನನಗೂ ಗೊತ್ತು. ಆದರೆ ಅದಕ್ಕಾಗಿ ನಿಮ್ಮ ಉಳಿದ ಹನ್ನೆರಡು ಪ್ರಬಂಧಗಳ ಮೇಲಿನ ನಂಬಿಕೆಯನ್ನು ಅಡವಿಡಬೇಕಾಗುತ್ತದೆ.

ಪ್ರಾಮಾಣಿಕವಾಗಿ ಉಲ್ಲೇಖ ಹೆಚ್ಚಿಸುವ ದಾರಿಯೂ ಇದೆ, ಅದರ ಬಗ್ಗೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಪ್ರಯೋಗಕ್ಕೆಂದು ನೀವು ಮಾಡಿದ ಡಿಎನ್‌ಎ ತುಣುಕುಗಳಾದ ಪ್ಲಾಸ್ಮಿಡ್‌ಗಳನ್ನು ಆಡ್‌ಜೀನ್‌ನಂಥ ಭಂಡಾರಕ್ಕೆ ಕೊಡಿ, ಕೇಳಿದವರಿಗೆ ನೀವು ಒಂದೊಂದಾಗಿ ಕಳಿಸುವ ಕಷ್ಟ ತಪ್ಪುತ್ತದೆ. ಮೂಲ ಚಿತ್ರಗಳನ್ನು ಸಾರ್ವಜನಿಕ ಸಂಗ್ರಹದಲ್ಲಿಡಿ. ಅಳೆಯುವ ವಿಧಾನದ ಹಂತಗಳನ್ನು, ಎಲ್ಲಿ ಕೆಡುತ್ತದೆ ಎಂಬುದೂ ಸೇರಿದಂತೆ, ಬಿಡಿಸಿ ಬರೆದು ಹಂಚಿ. ಮುಂದಿನ ಪ್ರಬಂಧವನ್ನು ಜರ್ನಲ್‌ಗೆ ಕಳಿಸುವಾಗಲೇ ಬಯೋಆರ್ಕೈವ್‌ನಲ್ಲಿ ಪ್ರಿಪ್ರಿಂಟ್ ಆಗಿ, ಅಂದರೆ ವಿಮರ್ಶೆಗೆ ಮುಂಚಿನ ಪ್ರತಿಯಾಗಿ, ಎಲ್ಲರಿಗೂ ಸಿಗುವಂತೆ ಇಡಿ. ಇಷ್ಟರ ಅಪಾಯ ಎಂದರೆ ಸಮಯ ಹಿಡಿಯುತ್ತದೆ, ಬೇರೆಯವರು ನಿಮ್ಮ ಸಾಮಗ್ರಿಯಿಂದ ನಿಮಗಿಂತ ಮೊದಲು ಏನಾದರೂ ಕಂಡುಹಿಡಿಯಬಹುದು. ನನ್ನ ಅನುಭವದಲ್ಲಿ ಹಾಗಾದದ್ದು ಒಮ್ಮೆ. ಹಂಚಿದ್ದರಿಂದ ದೊರೆತ ಸಹಯೋಗಗಳು ಅದಕ್ಕಿಂತ ಎಷ್ಟೋ ಪಾಲು.

ಸಂದರ್ಶನಕ್ಕೆ ಹೀಗೆ ಸಿದ್ಧರಾಗಿ. ಸೀಲಿಯಂ ಪ್ರಬಂಧವನ್ನೇ ಮೊದಲು ಇಡಿ. ಅದಕ್ಕಿಂತ ಮುಂಚೆ ಏನು ಗೊತ್ತಿರಲಿಲ್ಲ, ನೀವು ಏನು ಕಂಡಿರಿ, ಅದರಿಂದ ಈಗ ಯಾರು ಏನನ್ನು ಬೇರೆ ರೀತಿಯಲ್ಲಿ ಮಾಡುತ್ತಿದ್ದಾರೆ ಎಂಬ ಮೂರು ವಾಕ್ಯಗಳನ್ನು ಬಾಯಿಪಾಠವಾಗುವವರೆಗೆ ಬರೆದು ತಿದ್ದಿ. ಮೂರನೆಯ ವಾಕ್ಯಕ್ಕೆ ಬೇಕಾದದ್ದು ಆ 17ರಲ್ಲಿ ಸಿಗುತ್ತದೆ, ಆದ್ದರಿಂದಲೇ ಅವನ್ನು ಓದಿ ಎಂದದ್ದು. ಯಾವ ಪ್ರಬಂಧದಲ್ಲಿ ಯಾವ ಪ್ರಯೋಗ ನಿಮ್ಮ ಕೈಯದು ಎಂದು ಸ್ಪಷ್ಟವಾಗಿ ಹೇಳಿ. ನಮ್ಮ ಕ್ಷೇತ್ರದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದ್ದು ಎಂಬ ರೂಢಿ ಮೇಜಿನ ಸುತ್ತ ಕುಳಿತ ಬೇರೆ ವಿಭಾಗದವರಿಗೆ ಗೊತ್ತಿಲ್ಲದಿರಬಹುದು. ಕಡಿಮೆಯಾಯಿತಲ್ಲ ಎಂಬ ಮಾತು ಮತ್ತೆ ಬಂದರೆ, "ಹೌದು, ಇದು ಚಿಕ್ಕ ಕ್ಷೇತ್ರ. ನನ್ನ ವಿಧಾನವನ್ನು 190 ಪ್ರಬಂಧಗಳು ಹೆಸರಿಸಿವೆ, ಸೀಲಿಯಂ ಕೆಲಸವನ್ನು ಇಂತಿಂಥ ಪ್ರಯೋಗಾಲಯಗಳು ಮುಂದುವರಿಸುತ್ತಿವೆ" ಎಂದು ಹೆಸರು ಹಿಡಿದು ಹೇಳಿ, ಚಿತ್ರ ತೋರಿಸಿ. ಸೀಲಿಯಂ ಕುಗ್ಗುವ ನಿಮ್ಮ ಚಲನಚಿತ್ರವನ್ನು ಎದುರಿಗೆ ಓಡಿಸಿದರೆ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ. ಇದನ್ನು ನಾನು ಆ ಬದಿಯ ಕುರ್ಚಿಯಿಂದ ಕಂಡು ಹೇಳುತ್ತಿದ್ದೇನೆ.

ಕೊನೆಗೆ, ನಿಮ್ಮ ಪುಟಕ್ಕೆ ಸೇರಿಕೊಂಡ ಆ ಹದಿನಾಲ್ಕನೆಯ ಪ್ರಬಂಧ. ಅದನ್ನು ಸಣ್ಣ ವಿಷಯ ಎಂದಿದ್ದೀರಿ. ಈ ಪತ್ರ ಓದಿ ಮುಗಿಸಿದ ಕೂಡಲೇ ತೆಗೆದುಹಾಕಿ. ಗೂಗಲ್ ಸ್ಕಾಲರ್ ಹೆಸರುಗಳನ್ನು ಯಂತ್ರದ ಮೂಲಕ ಹೊಂದಿಸುತ್ತದೆ, ತಪ್ಪುಗಳು ಆಗುತ್ತವೆ, ತಿದ್ದುವ ಹೊಣೆ ಪುಟದ ಒಡೆಯರದ್ದು. ಪ್ರಬಂಧದ ಪಕ್ಕದ ಚೌಕದಲ್ಲಿ ಗುರುತು ಹಾಕಿ ಅಳಿಸಿದರೆ ಆಯಿತು. ಹೊಸ ಪ್ರಬಂಧಗಳು ತಾವಾಗಿಯೇ ಸೇರುವುದನ್ನು ನಿಲ್ಲಿಸಿ, ನಿಮ್ಮ ಒಪ್ಪಿಗೆ ಕೇಳುವಂತೆ ಬದಲಿಸಿ. ಒಂದೇ ಹೆಸರಿನ ಗೊಂದಲ ಮತ್ತೆ ಬಾರದಂತೆ ಆರ್ಕಿಡ್ ಗುರುತಿನ ಸಂಖ್ಯೆಯನ್ನು ಮಾಡಿಸಿಕೊಂಡು ಎಲ್ಲ 13 ಪ್ರಬಂಧಗಳಿಗೂ ಜೋಡಿಸಿ. ಒಟ್ಟು 612ಕ್ಕೆ, ಸೂಚ್ಯಂಕ 8ಕ್ಕೆ ಇಳಿಯುತ್ತದೆ. ಅರ್ಜಿಯಲ್ಲಿ ಈಗಾಗಲೇ 9 ಎಂದು ಬರೆದಿದ್ದರೆ, ಸಂದರ್ಶನಕ್ಕೆ ಮೊದಲೇ ಸಮಿತಿಯ ಕಾರ್ಯದರ್ಶಿಗೆ ಎರಡು ಸಾಲಿನ ತಿದ್ದುಪಡಿ ಕಳಿಸಿ.